ನೀನು ಬ್ಯಾರನ್‌ಗೆ ಏನ್ ಮಾಡ್ದೆ?

ಮೊದಲೇ ಹೇಳಿಬಿಡ್ತೀನಿ, ಈ ಬರಹದ ತುಂಬಾ ಸ್ಪಾಯ್ಲರ್ ಇದೆ. ‘ದಿ ವಿಚರ್ 3’ ಆಡಬೇಕು ಅಂತ ಲಿಸ್ಟ್‌ನಲ್ಲಿಟ್ಟುಕೊಂಡು ಮೂರು ಸೆಮಿಸ್ಟರ್‌ನಿಂದ ಮುಂದೂಡುತ್ತಿರುವವರು ಯಾರಾದ್ರೂ ಇದ್ದರೆ ಇಲ್ಲಿಗೇ ನಿಲ್ಲಿಸಿ, ಆಡಿ ಬಂದು ಓದಿ. ಆದರೆ ಗೇಮ್ ಬಂದಿದ್ದು 2015ರ ಮೇ ತಿಂಗಳಲ್ಲಿ. ಇಷ್ಟು ವರ್ಷ ಆದಮೇಲೂ ಸ್ಪಾಯ್ಲರ್ ಅಂತ ಕೂಗಾಡಿದರೆ ತಪ್ಪು ನಿಮ್ಮದು, ನಂದಲ್ಲ.

ಇನ್ನೊಂದು ಮಾತು. ಇದು ಗೇಮ್ ರಿವ್ಯೂ ಅಲ್ಲ. ಗ್ರಾಫಿಕ್ಸ್ ಹೇಗಿದೆ, ಯಾವ ಸೆಟ್ಟಿಂಗ್‌ನಲ್ಲಿ ಎಷ್ಟು ಎಫ್‌ಪಿಎಸ್ ಬರುತ್ತೆ ಅನ್ನೋದೆಲ್ಲ ಇಲ್ಲಿ ಸಿಗಲ್ಲ. ನಮ್ಮ ರೂಮಿನಲ್ಲಿ ಒಂದು ಗೇಮ್ ಬಗ್ಗೆ ತಿಂಗಳುಗಟ್ಟಲೆ ನಡೆದ ಮಾತು, ಆ ಮಾತಿನ ನಡುವೆ ನಾನು ಮಾಡಿದ ಒಂದು ತಪ್ಪು, ಇಷ್ಟೇ ಇದರ ವಿಷಯ.

ನಮ್ಮ ಹಾಸ್ಟೆಲ್‌ನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯೋ ಪದ್ಧತಿ ಇಲ್ಲ. ಊರೇ ಹೆಸರು. ಮಂಡ್ಯ, ಕುಂದಾಪುರ, ಹಾವೇರಿ. ನಾನು ತಿಪಟೂರಿನವನು, ಹಾಗಾಗಿ ಎಲ್ಲರ ಬಾಯಲ್ಲೂ ‘ಕೊಬ್ಬರಿ’. ವಾರ್ಡನ್‌ಗೂ ನನ್ನ ನಿಜವಾದ ಹೆಸರು ಗೊತ್ತಿದೆಯೋ ಇಲ್ಲವೋ ಅನುಮಾನ.

ನಾಲ್ಕು ಜನರಲ್ಲಿ ಗೇಮ್ ಆಡಬಹುದಾದ ಲ್ಯಾಪ್‌ಟಾಪ್ ಇದ್ದದ್ದು ಕುಂದಾಪುರದವನ ಹತ್ತಿರ ಮಾತ್ರ. ಜಿಟಿಎಕ್ಸ್ 1650, 4 ಜಿಬಿ. ಫುಲ್ ಲೋಡ್‌ನಲ್ಲಿ ಅದರ ಫ್ಯಾನ್ ಸದ್ದು ಕೇಳಿದರೆ ಪಕ್ಕದ ರೂಮಿನಲ್ಲಿ ಯಾರೋ ಚಟ್ನಿ ರುಬ್ಬುತ್ತಿದ್ದಾರೆ ಅನ್ನಿಸುತ್ತೆ. ಎಲ್ಲರೂ ಅದರಲ್ಲೇ ಸರದಿ ಪ್ರಕಾರ ಆಡಬೇಕು. ವಿಚರ್‌ನ ಸೇವ್‌ಗಳೆಲ್ಲ ಡಾಕ್ಯುಮೆಂಟ್ಸ್ ಒಳಗೆ ಒಂದೇ ಫೋಲ್ಡರ್‌ಗೆ ಬೀಳುತ್ತವೆ. ಒಬ್ಬರದು ಇನ್ನೊಬ್ಬರದರ ಜೊತೆ ಕಲೆಸಿಹೋಗಬಾರದು ಅಂತ ಡೆಸ್ಕ್‌ಟಾಪ್ ಮೇಲೆ ನಾಲ್ಕು ಊರಿನ ಹೆಸರಲ್ಲಿ ನಾಲ್ಕು ಫೋಲ್ಡರ್ ಮಾಡಿಟ್ಟಿದ್ದೆವು. ಕೂರುವ ಮುಂಚೆ ನಿನ್ನ ಸೇವ್ ಪೇಸ್ಟ್ ಮಾಡ್ಕೋ, ಏಳುವಾಗ ಕಟ್ ಮಾಡಿ ವಾಪಸ್ ಇಡು. ಗಿಟ್ ಕಲಿಯೋಕೆ ಮುಂಚೆ ನಾವು ಕಲಿತ ವರ್ಷನ್ ಕಂಟ್ರೋಲ್ ಇದು. ಈ ಫೋಲ್ಡರ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಬ್ಬ ಆಡುತ್ತಿದ್ದರೆ ಉಳಿದ ಮೂವರಿಗೆ ಏನು ಕೆಲಸ? ಮಾತು. ನಿಜ ಹೇಳಬೇಕು ಅಂದ್ರೆ ಆಡಿದ್ದಕ್ಕಿಂತ ಮಾತಾಡಿದ್ದೇ ಜಾಸ್ತಿ.

ಮಂಡ್ಯದವನ ದೇವರು ‘ಸೆಕಿರೋ’. 2019ರಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ತಂದ ಗೇಮ್. ಅದರಲ್ಲಿ ಈಸಿ ಮೋಡ್ ಅನ್ನೋದೇ ಇಲ್ಲ. ಎದುರಾಳಿಯ ಕತ್ತಿ ಬಂದು ತಾಗುವ ಸರಿಯಾದ ಕ್ಷಣಕ್ಕೆ ನಿನ್ನ ಕತ್ತಿ ಅಡ್ಡ ಬರಬೇಕು. ಒಂದು ಚೂರು ಮುಂಚೆ ಆದರೂ ಹೋಯ್ತು, ಒಂದು ಚೂರು ತಡ ಆದರೂ ಹೋಯ್ತು. ಅಶಿನಾ ಕೋಟೆಯ ಮೇಲೆ ನಿಂತ ಗೆನಿಚಿರೋ ಅನ್ನೋ ಬಾಸ್ ಹತ್ರ ಇವನು ಒಂಬತ್ತು ದಿನ ಸತ್ತಿದ್ದಾನೆ. ಹತ್ತನೇ ದಿನ ಗೆದ್ದಾಗ ಇಡೀ ಫ್ಲೋರ್ ಎದ್ದು ಬಂದಿತ್ತು. “ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಎಲ್ಲಿ ಓಯ್ತು ಅಂತ್ಲೇ ಗೊತ್ತಾಗಲ್ಲ ಕಣ್ಲಾ. ಇದ್ರಲ್ಲಿ ಸತ್ರೆ ಯಾಕ್ ಸತ್ತೆ ಅಂತ ಗೊತ್ತಾಯ್ತದೆ. ತಪ್ಪು ನಂದೇ. ಅದ್ಕೇ ಇಷ್ಟ,” ಅಂತಾನೆ.

ಕುಂದಾಪುರದವನದು ‘ಗಾಡ್ ಆಫ್ ವಾರ್’, ಅದೂ 2018ರದ್ದೇ ಆಗಬೇಕು. ಕ್ರೇಟೋಸ್ ಮತ್ತು ಅವನ ಮಗ ಅಟ್ರಿಯಸ್ ಸತ್ತುಹೋದ ತಾಯಿಯ ಬೂದಿ ಹಿಡಿದು ಬೆಟ್ಟದ ತುದಿಗೆ ಹೊರಡುವ ಕಥೆ. ಇಡೀ ಗೇಮ್‌ನಲ್ಲಿ ಕ್ಯಾಮೆರಾ ಎಲ್ಲೂ ಕಟ್ ಆಗೋದಿಲ್ಲ, ಮೊದಲಿನಿಂದ ಕೊನೆವರೆಗೆ ಒಂದೇ ಶಾಟ್. ಆದರೆ ಇವನಿಗೆ ಇಷ್ಟ ಆಗಿದ್ದು ಅದಲ್ಲ. ಶುರುವಿನಲ್ಲೇ ಮಗ ಜಿಂಕೆ ಹೊಡೆದು ಕಂಗಾಲಾಗಿ ನಿಂತಾಗ ಕ್ರೇಟೋಸ್ ಅವನ ಹೆಗಲ ಮೇಲೆ ಕೈ ಇಡೋಕೆ ಹೋಗಿ, ಇಡದೆ ವಾಪಸ್ ತಗೊಳ್ತಾನೆ. “ಕಾಣ್ ಮರಾಯಾ, ಆ ಕೈ ನಮ್ಮ ಅಪ್ಪಯ್ಯಂದೇ,” ಅಂತ ಆ ಸೀನ್ ಬಂದಾಗಲೆಲ್ಲ ಹೇಳ್ತಾನೆ. ನಾವು ನಗ್ತಿದ್ದೆವು. ನಮ್ಮ ನಮ್ಮ ಅಪ್ಪಂದಿರ ಕೈಯೂ ಹೆಚ್ಚುಕಡಿಮೆ ಹಾಗೇ ಅಂತ ನಾಲ್ವರಿಗೂ ಗೊತ್ತಿತ್ತು, ಆದರೆ ಆ ಮಾತು ಅಲ್ಲಿಂದ ಮುಂದೆ ಹೋಗ್ತಿರಲಿಲ್ಲ.

ನಾನು ವಿಚರ್ ಪಾರ್ಟಿ. ಒಂದು ರಾತ್ರಿ ಜೋರಾಗಿ ವಾದ ಬಿದ್ದಾಗ ದೊಡ್ಡ ಡೈಲಾಗ್ ಹೊಡೆದಿದ್ದೆ: “ನಿಮ್ಮ ಆಕ್ಷನ್ ಗೇಮ್ ಪರೀಕ್ಷೆ ಮಾಡೋದು ಬೆರಳನ್ನ. ಆರ್‌ಪಿಜಿ ಮನುಷ್ಯನ್ನ ಪರೀಕ್ಷೆ ಮಾಡುತ್ತೆ.” ಮಂಡ್ಯ ತಕ್ಷಣ, “ಮಗಳ್ನ ಉಡ್ಕು ಅಂತ ಕಳ್ಸುದ್ರೆ ಇಪ್ಪತ್ತು ಗಂಟೆ ಇಸ್ಪೀಟ್ ಆಡ್ದೋನು ನೀನು, ಸುಮ್ನಿರ್ಲಾ,” ಅಂದ. ವಿಚರ್ ಒಳಗೆ ಗ್ವೆಂಟ್ ಅಂತ ಒಂದು ಕಾರ್ಡ್ ಆಟ ಇದೆ. ಆಡಿದವರಿಗೆ ಅರ್ಥ ಆಗುತ್ತೆ. ಅದರ ಬಗ್ಗೆ ನಾನು ಹೆಚ್ಚು ಹೇಳಲ್ಲ.

ಹಾವೇರಿಯವನು ಮಾತು ಕಮ್ಮಿ. ಯಾವ ಗೇಮ್ ಇಷ್ಟ ಅಂದ್ರೆ, “ಎಲ್ಲಾ ಚಲೋನ ಅದಾವ,” ಅಂತಿದ್ದ. ಆದರೆ ತನ್ನ ಸರದಿ ಬಂದಾಗ ತಪ್ಪದೆ ಹಾಕ್ತಿದ್ದದ್ದು ವಿಚರ್.

ಈಗ ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಗೆರಾಲ್ಟ್ ಅಂತ ಒಬ್ಬ ವಿಚರ್. ದುಡ್ಡು ತಗೊಂಡು ದೆವ್ವ, ರಾಕ್ಷಸ ಹೊಡೆಯೋದು ಅವನ ಕಸುಬು. ಪೋಲೆಂಡಿನ ಆಂಜೆಯ್ ಸಪ್ಕೋವ್‌ಸ್ಕಿ ಬರೆದ ಕಥೆ, ಕಾದಂಬರಿಗಳಿಂದ ಬಂದ ಪಾತ್ರ. ಗೇಮ್ ಮಾಡಿದ್ದೂ ಅಲ್ಲಿನ ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ರೆಡ್. ಗೆರಾಲ್ಟ್ ತನ್ನ ಸಾಕುಮಗಳನ್ನ ಹುಡುಕುತ್ತಾ ವೆಲೆನ್ ಅನ್ನೋ ಜಾಗಕ್ಕೆ ಬರ್ತಾನೆ. ಮಗಳ ಹೆಸರು ಸಿರಿ. ಈ ಹೆಸರು ಮೊದಲ ಸಲ ಕೇಳಿದಾಗ ಮಂಡ್ಯದವನು, “ಪೋಲೆಂಡ್ನೋರ್ಗೂ ಕನ್ನಡ ಬತ್ತದಾ?” ಅಂತ ಕೇಳಿದ್ದ.

ವೆಲೆನ್ ಅಂದರೆ ಯುದ್ಧದಲ್ಲಿ ತುಳಿದು ಹಾಕಿದ ಸೀಮೆ. ಕೆಸರು, ಜೌಗು, ಹಸಿವು. ಅಲ್ಲಿನ ಕೋಟೆಯೊಂದನ್ನ ಹಿಡಿದುಕೊಂಡು ಕೂತಿರುವವನು ಫಿಲಿಪ್ ಸ್ಟ್ರೆಂಗರ್. ಎಲ್ಲರೂ ಕರೆಯೋದು ‘ಬ್ಲಡಿ ಬ್ಯಾರನ್’ ಅಂತ. ನಿಜವಾದ ಬ್ಯಾರನ್ ಏನಲ್ಲ, ಸೋತ ಸೈನ್ಯದ ಹಳೇ ಸೈನಿಕ. ಸಿರಿ ಬಗ್ಗೆ ಅವನಿಗೆ ಗೊತ್ತು, ಆದರೆ ಸುಮ್ಮನೆ ಹೇಳಲ್ಲ. “ಕಾಣೆಯಾದ ನನ್ನ ಹೆಂಡತಿ ಅನ್ನಾನ್ನ, ಮಗಳು ತಮಾರಾನ್ನ ಹುಡುಕಿಕೊಡು, ಆಮೇಲೆ ಹೇಳ್ತೀನಿ,” ಅನ್ನೋ ಕರಾರು.

ಮೊದಮೊದಲು ಬ್ಯಾರನ್ ಇಷ್ಟ ಆಗ್ತಾನೆ. ದೊಡ್ಡ ಹೊಟ್ಟೆ, ದೊಡ್ಡ ನಗು. ಗಾಯಗೊಂಡು ಬಂದ ಸಿರಿಗೆ ಆಸರೆ ಕೊಟ್ಟವನು, ಮಗಳ ಥರ ನೋಡಿಕೊಂಡವನು. ಒಂದೊಂದೇ ಸುಳಿವು ಹುಡುಕುತ್ತಾ ಹೋದರೆ ನಿಜ ಹೊರಬೀಳುತ್ತೆ. ಅವರನ್ನ ಯಾರೂ ಅಪಹರಿಸಿಲ್ಲ. ಅವರೇ ಓಡಿಹೋಗಿದ್ದಾರೆ. ಇವನು ಕುಡಿತಾನೆ, ಕುಡಿದು ಹೊಡಿತಾನೆ. ಹೊಡೆದಾಟದ ಗಲಾಟೆಯಲ್ಲಿ ಅನ್ನಾಳ ಹೊಟ್ಟೆಯಲ್ಲಿದ್ದ ಮಗು ಹೋಗಿದೆ. ಹೆಸರಿಡದೆ, ಸಂಸ್ಕಾರ ಇಲ್ಲದೆ ಹೂತ ಆ ಮಗು ದೆವ್ವವಾಗಿ ಎದ್ದಿದೆ. ಅದನ್ನ ಕೊಂದು ಹಾಕಬಹುದು. ಇಲ್ಲಾಂದ್ರೆ ಬ್ಯಾರನ್ ಕೈಯಲ್ಲೇ ಅದನ್ನ ಎತ್ತಿಸಿ, ಹೆಸರಿಡಿಸಿ, ಮನೆಯ ಹೊಸ್ತಿಲ ಕೆಳಗೆ ಹೂಳಿಸಬಹುದು. ಹಾಗೆ ಮಾಡಿದರೆ ಅದು ಮನೆ ಕಾಯುವ ಶಕ್ತಿ ಆಗುತ್ತೆ. ಇದು ಆ ಕಡೆಯ ಸ್ಲಾವ್ ಜನಪದ ಕಥೆಗಳಿಂದ ಬಂದಿದ್ದು. ಆದರೆ ನಮಗೆ ಹೊಸ್ತಿಲ ವಿಷಯ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದಕ್ಕೆ ಅಜ್ಜಿ ಕೈಯಲ್ಲಿ ಬೈಸಿಕೊಳ್ಳದವನು ನಮ್ಮ ರೂಮಿನಲ್ಲಿ ಒಬ್ಬನೂ ಇರಲಿಲ್ಲ.

ಮುಂದೆ ಒಂದು ಗುಡ್ಡದ ಮರದೊಳಗೆ ಸಿಕ್ಕಿಹಾಕಿಕೊಂಡಿರುವ ಆತ್ಮ ಸಿಗುತ್ತೆ. “ಬಿಡಿಸು, ಜೌಗಿನಲ್ಲಿರುವ ಅನಾಥ ಮಕ್ಕಳನ್ನ ಉಳಿಸ್ತೀನಿ,” ಅನ್ನುತ್ತೆ. ಬಿಡಿಸಿದರೆ ಮಕ್ಕಳು ಉಳೀತಾರೆ, ಆದರೆ ಒಂದು ಹಳ್ಳಿ ನಾಶ ಆಗುತ್ತೆ, ಅನ್ನಾ ಶಾಪಕ್ಕೆ ಸಿಕ್ಕಿ ಸಾಯ್ತಾಳೆ, ಬ್ಯಾರನ್ ನೇಣು ಹಾಕಿಕೊಳ್ತಾನೆ. ಕೊಂದರೆ ಮಕ್ಕಳು ಹೋಗ್ತಾರೆ, ಅನ್ನಾ ಬುದ್ಧಿ ಕಳೆದುಕೊಂಡು ಬದುಕ್ತಾಳೆ, ಬ್ಯಾರನ್ ಅವಳನ್ನ ಬೆಟ್ಟದ ಕಡೆ ಒಬ್ಬ ವೈದ್ಯನ ಹತ್ತಿರ ಕರಕೊಂಡು ಹೋಗ್ತಾನೆ. ಮಜಾ ಏನು ಅಂದ್ರೆ, ಮರದ ಹತ್ರ ಆಯ್ಕೆ ಮಾಡುವಾಗ ಇದ್ಯಾವುದೂ ನಿಮಗೆ ಗೊತ್ತಿರಲ್ಲ. ಪರಿಣಾಮ ಗೊತ್ತಾಗೋದು ಎಷ್ಟೋ ಹೊತ್ತಾದ ಮೇಲೆ. ರೀಲೋಡ್ ಮಾಡೋಣ ಅಂದ್ರೆ ಗಂಟೆಗಟ್ಟಲೆ ಆಡಿದ್ದು ಹೋಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಫ್ಲ್ಯಾಗ್ ಎಲ್ಲೋ ಸೆಟ್ ಆಗಿರುತ್ತೆ, ಇಫ್ ಕಂಡಿಷನ್ ಇನ್ನೆಲ್ಲೋ ಕಾಯ್ತಿರುತ್ತೆ.

ಹೀಗಾಗಿ ಯಾರು ವಿಚರ್ ಆಡಿದ್ದೀನಿ ಅಂದರೂ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ನೀನು ಬ್ಯಾರನ್‌ಗೆ ಏನ್ ಮಾಡ್ದೆ?”

ಮಂಡ್ಯ ಆತ್ಮ ಬಿಡಿಸಿದ್ದ. ಬ್ಯಾರನ್ ನೇತಾಡ್ತಿದ್ದದ್ದು ನೋಡಿ, “ಸರ್ಯಾಗಾಯ್ತು ಬುಡು,” ಅಂದಿದ್ದ. ಕುಂದಾಪುರ ಕೊಂದಿದ್ದ. ಬ್ಯಾರನ್ ಹೆಂಡತಿಯ ಕೈ ಹಿಡಿದು ಹೊರಟಾಗ ಕಣ್ಣು ಒರೆಸಿಕೊಂಡಿದ್ದ, ಈಗ ಕೇಳಿದರೆ ಒಪ್ಪಲ್ಲ. ನಾನೂ ಕೊಂದಿದ್ದೆ, ಆದರೆ ಯೋಚನೆ ಮಾಡಿ ಏನಲ್ಲ. ಗ್ವೆಂಟ್ ಆಡೋ ಅರ್ಜೆಂಟ್‌ನಲ್ಲಿ ಡೈಲಾಗ್ ಸ್ಕಿಪ್ ಮಾಡಿದ್ದೆ. ಮಕ್ಕಳು ಸತ್ತಿದ್ದು ಗೊತ್ತಾಗಿದ್ದೇ ಮಂಡ್ಯ ಬೈದಾಗ. ಹಾವೇರಿಯನ್ನ ಕೇಳಿದರೆ, “ಇನ್ನೂ ಅಲ್ಲಿಗೆ ಬಂದಿಲ್ಲ,” ಅಂತಿದ್ದ. ಎರಡು ತಿಂಗಳಾದರೂ ಅದೇ ಉತ್ತರ.

ಇನ್ನು ನನ್ನ ತಪ್ಪಿನ ವಿಷಯ. ನನಗೆ ಮಿಮಿಕ್ರಿ ಬರುತ್ತೆ. ಕಾಲೇಜ್ ಡೇನಲ್ಲಿ ನೋಡಿರ್ತೀರಿ. ಬ್ಯಾರನ್ ನನ್ನ ಸ್ಪೆಷಲ್ ಐಟಂ ಆಗಿಬಿಟ್ಟಿದ್ದ. ರಾತ್ರಿ ಮೆಸ್‌ನಿಂದ ಬರುವಾಗ ಹೊಟ್ಟೆ ಮುಂದೆ ಮಾಡಿ, ಕಾರಿಡಾರ್ ತುಂಬಾ ತೂರಾಡಿಕೊಂಡು, ಒಂದೊಂದು ರೂಮಿನ ಬಾಗಿಲು ತಟ್ಟಿ, “ಅನ್ನಾ... ನನ್ ಅನ್ನಾ ಎಲ್ಲಿ?” ಅಂತ ಅಳೋದು. ಗೇಮ್ ಆಡದವರೂ ನಗ್ತಿದ್ದರು. ಕುಡುಕನ ಆ್ಯಕ್ಟಿಂಗ್ ಯಾವತ್ತೂ ಫೇಲ್ ಆಗಲ್ಲ. ನಾನು ಶುರು ಮಾಡಿದ ತಕ್ಷಣ ಹಾವೇರಿ ನೀರಿನ ಬಾಟಲಿ ತಗೊಂಡು ಕೂಲರ್ ಕಡೆ ಹೋಗ್ತಿದ್ದ. ಅರ್ಧ ತುಂಬಿರುತ್ತಿದ್ದ ಬಾಟಲಿ. ಆಗ ಅದನ್ನ ನಾನು ಗಮನಿಸಿರಲಿಲ್ಲ. ಈಗ ಆ ಬಾಟಲಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಭಾನುವಾರ ಬೆಳಗ್ಗೆ ನನ್ನ ಸರದಿ. ನಿದ್ದೆಗಣ್ಣಲ್ಲಿ ಫೋಲ್ಡರ್ ಬದಲಿಸೋದು ಮರೆತು ಕಂಟಿನ್ಯೂ ಒತ್ತಿದೆ. ತೆರೆದಿದ್ದು ಹಾವೇರಿಯ ಸೇವ್. ನೋಡಿದರೆ ಅವನು ಲೆವೆಲ್ 26! ನೋವಿಗ್ರಾಡ್ ಆಗಿದೆ, ಸ್ಕೆಲಿಗೆ ದ್ವೀಪಗಳಲ್ಲಿ ಸುತ್ತುತ್ತಿದ್ದಾನೆ. ಕ್ವೆಸ್ಟ್ ಲಿಸ್ಟ್ ತೆಗೆದೆ. ಮರದ ಆತ್ಮದ ಕೆಲಸ ಮುಗಿದಿದೆ, ಬ್ಯಾರನ್ ನಿಜ ಒಪ್ಪಿಕೊಂಡಿದ್ದಾಗಿದೆ. ಜೌಗಿಗೆ ವಾಪಸ್ ಹೋಗಿ ಅನ್ನಾಳನ್ನ ಕರಕೊಂಡು ಬರುವ ಕೊನೆಯ ಕ್ವೆಸ್ಟ್ ಮಾತ್ರ ಹಾಗೇ ಬಿದ್ದಿದೆ. ಬೇರೆ ಎಲ್ಲಾ ಸಣ್ಣಪುಟ್ಟ ಕ್ವೆಸ್ಟ್ ಚೊಕ್ಕವಾಗಿ ಮುಗಿಸಿದ್ದಾನೆ. ಯಾವುದೋ ಅಜ್ಜಿಯ ಬಾಣಲೆ ಹುಡುಕಿಕೊಟ್ಟಿದ್ದಾನೆ, ಇದೊಂದನ್ನ ಮುಟ್ಟಿಲ್ಲ.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

ಮರುದಿನ ಕ್ಯಾಂಟೀನ್‌ನಲ್ಲಿ ಎಲ್ಲರ ಮುಂದೆ ಅನೌನ್ಸ್ ಮಾಡಿದೆ: “ಹಾವೇರಿ ಹುಲಿ ಬ್ಯಾರನ್‌ಗೆ ಹೆದರಿ ದ್ವೀಪಕ್ಕೆ ಓಡಿಹೋಗಿದೆ!” ಎಲ್ಲರೂ ನಕ್ಕರು. ನಮ್ಮ ಟೇಬಲ್‌ನಲ್ಲಿ ಆವತ್ತು ಸಿರ್ಸಿಯೂ ಇದ್ದಳು. ನಮ್ಮ ಕ್ಲಾಸಿನವಳೇ. ರಜೆಯಲ್ಲಿ ಅಣ್ಣನ ಪಿಸಿಯಲ್ಲಿ ವಿಚರ್ ಮುಗಿಸಿದವಳು. ತನ್ನ ಸಾದಾ ಲ್ಯಾಪ್‌ಟಾಪ್‌ನಲ್ಲಿ ಆಡೋದು ‘ಡಿಸ್ಕೋ ಎಲಿಸಿಯಂ’. ಅದರಲ್ಲಿ ಫೈಟ್ ಸಿಸ್ಟಮ್ಮೇ ಇಲ್ಲ. ಕುಡಿದು ಕುಡಿದು ತನ್ನ ಹೆಸರೇ ಮರೆತ ಪತ್ತೇದಾರನೊಬ್ಬನ ತಲೆಯೊಳಗೆ 24 ಥರದ ಧ್ವನಿಗಳು ಮಾತಾಡ್ತವೆ. “ಅದು ಗೇಮಾ ಕಾದಂಬರಿನಾ?” ಅಂತ ಮಂಡ್ಯ ಯಾವಾಗಲೂ ರೇಗಿಸ್ತಾನೆ.

ಮಾತು ಮತ್ತೆ ಹಳೇ ವಾದಕ್ಕೆ ಬಂತು. ಬ್ಯಾರನ್‌ಗೆ ಕ್ಷಮೆ ಕೊಡಬೇಕಾ ಬೇಡವಾ? “ಪಶ್ಚಾತ್ತಾಪ ಪಟ್ನಲ್ಲ ಮರಾಯಾ,” ಅಂತ ಕುಂದಾಪುರ. “ಒಡ್ದೋನು ಒಡ್ದೋನೇ ಕಣ್ಲಾ,” ಅಂತ ಮಂಡ್ಯ. ಯುದ್ಧ ಅವನನ್ನ ಹಾಗೆ ಮಾಡ್ತು, ಅನ್ನಾಗೂ ಬೇರೆಯವನ ಜೊತೆ ಸಂಬಂಧ ಇತ್ತು, ಅದು ಇದು ಅಂತ ನಾನು. ಅರ್ಧ ಗಂಟೆ ಹೀಗೇ ನಡೀತು. ಸಿರ್ಸಿ ಟೀ ಲೋಟ ಕೆಳಗಿಟ್ಟಳು.

“ಆವಾಗಿಂದ ಬ್ಯಾರನ್ನು ಬ್ಯಾರನ್ನು ಅಂತಿದ್ದೀರಿ. ಅನ್ನಾಗೆ ಏನು ಬೇಕಿತ್ತು ಅಂತ ನಿಮ್ಮಲ್ಲಿ ಒಬ್ಬರಾದ್ರೂ ಕೇಳಿದ್ರಾ? ಕ್ಷಮಿಸೋಕೆ ನೀವ್ಯಾರು? ಹೊಡೆತ ತಿಂದಿದ್ದು ನೀವಾ?”

ಜೋರಾಗಿ ಏನೂ ಹೇಳಲಿಲ್ಲ. ಮಾಮೂಲಿ ದನಿಯಲ್ಲೇ ಕೇಳಿದಳು. ನಾನು ಏನೋ ಜೋಕ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಹಾವೇರಿ ಎದ್ದು, ತನ್ನ ತಟ್ಟೆ ಜೊತೆ ಅವಳ ಲೋಟವನ್ನೂ ತಗೊಂಡು ಹೋಗಿ ತೊಳೆಯೋ ಜಾಗದಲ್ಲಿಟ್ಟು, ಹಾಗೇ ಹೊರಗೆ ಹೋದ. ಮಧ್ಯಾಹ್ನ ಲ್ಯಾಬ್‌ಗೆ ಬರಲಿಲ್ಲ.

ರಾತ್ರಿ ಟೆರೇಸ್ ಮೇಲೆ ಸಿಕ್ಕ. ನೀರಿನ ಟ್ಯಾಂಕ್ ಪಕ್ಕ ಕೂತಿದ್ದ. ಸಾರಿ ಹೇಳೋಕೇ ಹೋಗಿದ್ದೆ, ಯಾತಕ್ಕೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ಅವನೇ ಶುರು ಮಾಡಿದ.

“ನೀ ಮಾಡ್ತಿಯಲ್ಲ, ಕುಡುಕನ ನಡಗಿ. ಅದು ತಪ್ಪೈತಿ ನೋಡಲೇ.”

ನನ್ನ ಆ್ಯಕ್ಟಿಂಗ್ ಬಗ್ಗೆ ಹೇಳ್ತಿದ್ದಾನೆ ಅಂದ್ಕೊಂಡೆ. ಆ್ಯಕ್ಟಿಂಗ್ ಬಗ್ಗೆಯೇ ಹೇಳ್ತಿದ್ದ.

“ತೂರಾಡೂದು ಸಿನಿಮಾದಾಗ. ಖರೇ ಕುಡದವ್ರು ಭಾಳ ಹುಷಾರಾಗಿ ನಡೀತಾರ. ಹೊಸ್ತಿಲ ಮುಂದ ಬಂದು ನಿಂದರ್ತಾರ. ಕಾಲು ಎತ್ತಿ, ನೋಡಿ, ಮೆತ್ತಗ ಒಳಗ ಇಡ್ತಾರ. ಆ ಸಪ್ಪಳ ಕೇಳಿದ್ರ ಸಾಕು, ಇವತ್ತ ರಾತ್ರಿ ಹೆಂಗ ಅಂತ ನನಗೂ ಗೊತ್ತಾಗ್ತಿತ್ತು, ಅವ್ವಗೂ ಗೊತ್ತಾಗ್ತಿತ್ತು. ನಾ ಮಲಗಿದಂಗ ಮಾಡ್ತಿದ್ದೆ.”

ಅಷ್ಟೇ ಹೇಳಿದ. ನಾನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: “ಆ ಕ್ವೆಸ್ಟ್ ಮುಗಸಾಕ ಹೆದರಿಕಿ ಏನಿಲ್ಲ. ಬ್ಯಾರನ್ ಸತ್ರ ನನಗ ಖುಷಿ ಆಗತೈತೇನೋ ಅಂತ ಹೆದರಿಕಿ. ಆಗಲಿಲ್ಲಂದ್ರ ಅದೂ ಹೆದರಿಕಿ.”

ನಾನು ಸಾರಿ ಅಂದೆ. “ಸಾರಿ ಬ್ಯಾಡ, ಚಾ ಕುಡಸು,” ಅಂದ. ಹನ್ನೊಂದು ಗಂಟೆಗೆ ಚಾ ಎಲ್ಲಿ ಸಿಗಬೇಕು? ಗೇಟ್ ಹಾಕಿತ್ತು. ಮಂಡ್ಯದವನ ಕೆಟಲ್‌ನಲ್ಲಿ ಮಾಡಿಕೊಟ್ಟೆ. ಸಕ್ಕರೆ ಇರಲಿಲ್ಲ, ಅವರಮ್ಮ ಕಳಿಸಿದ್ದ ಬೆಲ್ಲ ಹಾಕಿದೆ.

ಆ ವಾರ ಶನಿವಾರ ರಾತ್ರಿ ಹಾವೇರಿ ತಾನೇ ಲ್ಯಾಪ್‌ಟಾಪ್ ಎಳೆದುಕೊಂಡು, ತನ್ನ ಫೋಲ್ಡರ್ ಪೇಸ್ಟ್ ಮಾಡಿ, ದ್ವೀಪದಿಂದ ವೆಲೆನ್‌ಗೆ ವಾಪಸ್ ಹೋದ. “ಮರದ ಹತ್ರ ಏನ್ ಮಾಡಿದ್ದೆ, ಬಿಡಿಸಿದ್ದಾ ಕೊಂದಿದ್ದಾ?” ಅಂತ ಕುಂದಾಪುರ ಮೆಲ್ಲಗೆ ಕೇಳಿದ. “ನೆನಪಿಲ್ಲ,” ಅಂದ. ಎರಡು ತಿಂಗಳ ಹಿಂದೆ ಒತ್ತಿದ ಬಟನ್. ಇನ್ನು ಬದಲಿಸೋಕೆ ಆಗಲ್ಲ, ನೋಡೋದಷ್ಟೇ.

ನಾಲ್ಕು ಜನ ಇದ್ದ ರೂಮಿನಲ್ಲಿ ಲ್ಯಾಪ್‌ಟಾಪ್ ಫ್ಯಾನ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಂಡ್ಯ ಕೂಡ ಬಾಯಿ ಮುಚ್ಚಿಕೊಂಡು ಕೂತಿದ್ದ, ಅದನ್ನ ದಾಖಲೆ ಅಂತ ಬರೆದಿಡಬೇಕು. ಜೌಗಿನಲ್ಲಿ ದೊಡ್ಡ ಕಾಳಗ ಆಯ್ತು. ಇವನು ಆತ್ಮವನ್ನ ಕೊಂದಿದ್ದ. ಮಕ್ಕಳಿರಲಿಲ್ಲ. ಅನ್ನಾ ಬದುಕಿದ್ದಳು, ಆದರೆ ಯಾರನ್ನೂ ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಮಗಳು ಅಪ್ಪನ ಜೊತೆ ಹೋಗಲಿಲ್ಲ, ತನ್ನ ದಾರಿ ಹಿಡಿದು ಹೋದಳು. ಬ್ಯಾರನ್, ಇನ್ನು ಕುಡಿಯಲ್ಲ ಅನ್ನುವ ಮುಖ ಮಾಡಿಕೊಂಡು, ಹೆಂಡತಿಯನ್ನ ವೈದ್ಯನ ಹತ್ರ ಕರಕೊಂಡು ಹೊರಟ. ಎಲ್ಲರೂ ಒಳ್ಳೆಯ ಎಂಡಿಂಗ್ ಅಂತ ಕರೆಯೋದು ಇದನ್ನೇ. ನಾನೂ ಹಾಗೇ ಅಂದ್ಕೊಂಡಿದ್ದೆ.

ಹಾವೇರಿ ಕಂಟ್ರೋಲರ್ ಕೆಳಗಿಟ್ಟ. “ಕರಕೊಂಡೇನೋ ಹೊಂಟ. ಆಕೀನ್ನ ಕೇಳಿದನೇನು?”

ಯಾರ ಹತ್ರಾನೂ ಉತ್ತರ ಇರಲಿಲ್ಲ. ಕೇಳೋಣ ಅಂದ್ರೆ ಉತ್ತರ ಹೇಳುವ ಸ್ಥಿತಿಯಲ್ಲಿ ಅವಳೂ ಇರಲಿಲ್ಲ. ಆ ಆಯ್ಕೆ ಗೇಮ್‌ನಲ್ಲೇ ಇಲ್ಲ. ಈ ಎಂಡಿಂಗನ್ನ ಎಷ್ಟೋ ಸಲ ನೋಡಿದ್ದೆ, ಬೇರೆಯವರಿಗೆ ವಿವರಿಸಿದ್ದೆ. ಈ ಪ್ರಶ್ನೆ ಮಾತ್ರ ಒಂದು ಸಲವೂ ಹೊಳೆದಿರಲಿಲ್ಲ.

ಆ ರಾತ್ರಿ ಮಾತು ಎಲ್ಲೆಲ್ಲಿಗೋ ಹೋಯ್ತು. ಕುಂದಾಪುರ ತನ್ನ ಅಪ್ಪಯ್ಯನ ಕೈಯ ವಿಷಯ ಶುರು ಮಾಡಿ, ಈ ಸಲ ನಗದೆ, ಕೊನೇವರೆಗೂ ಹೇಳಿದ. ಅದು ಅವನ ವಿಷಯ, ಇಲ್ಲಿ ಬರೆಯಲ್ಲ. ಮಂಡ್ಯದವನೂ ಒಂದು ಹೇಳಿದ. ನಾನೂ ಹೇಳಿದೆ. ಎರಡು ವರ್ಷ ಒಂದೇ ರೂಮಿನಲ್ಲಿ ಮಲಗಿ ಎದ್ದವರು ನಾವು. ಒಬ್ಬರ ಸಿಜಿಪಿಎ ಇನ್ನೊಬ್ಬರಿಗೆ ದಶಮಾಂಶದ ಸಮೇತ ಗೊತ್ತು, ಯಾರ ಕಾಲುಚೀಲ ಯಾವುದು ಅಂತ ವಾಸನೆಯಲ್ಲೇ ಗೊತ್ತು. ಮನೆ ಬಗ್ಗೆ ಮಾತ್ರ “ಎಲ್ಲಾ ಆರಾಮ್” ಅನ್ನೋದನ್ನ ಬಿಟ್ಟು ಏನೂ ಗೊತ್ತಿರಲಿಲ್ಲ. ನೇರವಾಗಿ ಕೇಳಿದ್ದರೆ ಯಾರೂ ಹೇಳುತ್ತಲೂ ಇರಲಿಲ್ಲ. ಬ್ಯಾರನ್‌ಗೆ ಏನ್ ಮಾಡ್ದೆ ಅಂತ ಕೇಳಿದ್ದಕ್ಕೆ ಬಾಯಿ ಬಿಟ್ಟೆವು.

ಹಾಗಂತ ಗೇಮ್ ಆಡಿದರೆ ಮನುಷ್ಯ ಒಳ್ಳೆಯವನಾಗ್ತಾನೆ ಅಂತ ನಾನು ಹೇಳ್ತಿಲ್ಲ. ನಾನು ಆ ಗೇಮನ್ನ 140 ಗಂಟೆ ಆಡಿದ್ದೆ, ಆಡಿ ಕಲಿತಿದ್ದು ಕುಡುಕನ ಮಿಮಿಕ್ರಿ. ಗೇಮ್ ಎದುರಿಗೆ ಒಬ್ಬನನ್ನ ತಂದು ನಿಲ್ಲಿಸುತ್ತೆ, ಅಷ್ಟೇ. ಆಮೇಲೆ ಯಾರ ಜೊತೆ ಕೂತು ಏನು ಮಾತಾಡ್ತೀವಿ ಅನ್ನೋದು ನಮಗೆ ಬಿಟ್ಟಿದ್ದು. ಯೂಟ್ಯೂಬ್‌ನಲ್ಲಿ ಬೆಸ್ಟ್ ಎಂಡಿಂಗ್ ಗೈಡ್ ನೋಡಿಕೊಂಡು ಆಡಿದ್ದರೆ ನಮಗೆ ಬೆಸ್ಟ್ ಎಂಡಿಂಗ್ ಸಿಗ್ತಿತ್ತು, ಆ ಶನಿವಾರ ರಾತ್ರಿ ಸಿಗ್ತಿರಲಿಲ್ಲ.

ಭಾನುವಾರ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಹಾವೇರಿ ಕಾರಿಡಾರ್ ತುದಿಯಲ್ಲಿ ಫೋನ್‌ನಲ್ಲಿದ್ದ. ಕದ್ದು ಕೇಳಲಿಲ್ಲ, ಆದರೆ ಕೇಳಿಸ್ತು. “ಅವ್ವಾ, ನಿನಗೇನ್ ಬೇಕು? ... ಹಂಗಲ್ಲ, ಸೀರಿ ಅಲ್ಲ. ... ಸುಮ್ಕ ಕೇಳಿದೆ. ನಿನಗ ಏನರ ಬೇಕನ್ನಿಸ್ತೈತೇನು ಅಂತ.” ಆ ಕಡೆಯಿಂದ ಏನು ಬಂತೋ ಗೊತ್ತಿಲ್ಲ. ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡ. ಆಮೇಲೆ, “ಹೂಂ, ಊಟ ಮಾಡೀನಿ,” ಅಂದ. ಬೆಳಗ್ಗೆ ಏಳೂವರೆಗೆ ಯಾವ ಊಟ ಮಾರಾಯ, ಅಂತ ನಾನು ಕೇಳಲಿಲ್ಲ.

ನಾನು ಬ್ಯಾರನ್ ಮಿಮಿಕ್ರಿ ಬಿಟ್ಟಿದ್ದೇನೆ. ಜೂನಿಯರ್‌ಗಳು ಈಗಲೂ ಕೇಳ್ತಾರೆ, ಮರೆತುಹೋಗಿದೆ ಅಂತೀನಿ. ಮಂಡ್ಯ ಮತ್ತೆ ಸೆಕಿರೋ ಶುರು ಮಾಡಿದ್ದಾನೆ. ಸಿರ್ಸಿಯ ಕಾಟ ತಡೆಯಲಾರದೆ ಈಗ ನಾವು ನಾಲ್ವರೂ ಡಿಸ್ಕೋ ಎಲಿಸಿಯಂ ಆಡ್ತಿದ್ದೇವೆ. ಒಬ್ಬ ಓದೋದು, ಮೂವರು ಜಗಳ ಆಡೋದು. ಅದರ ಬಗ್ಗೆ ವಾದ ಮಾಡೋರು ಯಾರಾದ್ರೂ ಇದ್ದರೆ ರೂಮಿಗೆ ಬನ್ನಿ. ಬರುವಾಗ ಸಕ್ಕರೆ ತನ್ನಿ.

ಈ ಬರಹ ಕಳಿಸುವ ಮುಂಚೆ ಹಾವೇರಿಗೆ ಓದೋಕೆ ಕೊಟ್ಟೆ. ಅವನ ಊರು ಹಾವೇರಿ ಅಲ್ಲ ಅಂತ ನಿಮಗೆ ಈಗಾಗಲೇ ಅನುಮಾನ ಬಂದಿರಬೇಕು, ಹೌದು, ಬದಲಿಸಿದ್ದೇನೆ. ಬೇಡ ಅಂದಿದ್ದರೆ ಅಳಿಸಿ ಹಾಕ್ತಿದ್ದೆ. ಅವನು ಎರಡು ಸಲ ಓದಿದ. ತನ್ನ ಮಾತಿನಲ್ಲಿ ನಾನು ತಪ್ಪು ಬರೆದಿದ್ದ ಎರಡು ಪದ ತಿದ್ದಿದ. ಆಮೇಲೆ ಹೇಳಿದ:

“ಎಲ್ಲಾ ಖರೇ ಐತಿ. ಆದ್ರ ಒಂದು ಬಿಟ್ಟಿ. ಅಡ್ಮಿಶನ್ನಿಗೆ ಕರಕೊಂಡ್ ಬಂದಾಗ ನಮ್ಮಪ್ಪ ಮೂರು ದಿನ ಒಂದು ಹನಿ ಮುಟ್ಟಿರಲಿಲ್ಲ. ಬಸ್ಸಿನಾಗ ಕೈ ನಡಗ್ತಿದ್ವು, ನನ್ನ ಸರ್ಟಿಫಿಕೇಟಿನ ಫೈಲ್ ಮಾತ್ರ ಬಿಟ್ಟಿರಲಿಲ್ಲ. ಅದನ್ನೂ ಬರಿ.”

ಬರೆದಿದ್ದೇನೆ.